ನಮ್ಮ ಹಾಡ್ಯ ಕೊಳ್ಳಬೇಡಿ, ಕಾಯುವುದಕ್ಕೆ ಕೂಲಿ ಕೊಡಿ: ಅರಣ್ಯ ಸಚಿವರಿಗೆ ಒಂದು ಬಹಿರಂಗ ಪತ್ರ

ಮಾನ್ಯ ಈಶ್ವರ ಖಂಡ್ರೆ ಅವರೇ,

ನಮಸ್ಕಾರ. ಮೂಡಿಗೆರೆ ತಾಲೂಕಿನಿಂದ ಬರೆಯುತ್ತಿದ್ದೇನೆ. ನಮ್ಮದು ನಾಲ್ಕೂವರೆ ಎಕರೆ. ಎರಡೂವರೆ ಎಕರೆ ಕಾಫಿ, ಮುಕ್ಕಾಲು ಎಕರೆ ಗದ್ದೆ, ಉಳಿದ ಒಂದೂಕಾಲು ಎಕರೆ ಮನೆ ಹಿಂದಿನ ಹಾಡ್ಯ.

ನೀವು ಬೀದರ್ ಕಡೆಯವರು. ಹಾಡ್ಯ ಅನ್ನೋ ಮಾತು ನಿಮ್ಮ ಕಡೆ ಇಲ್ಲದಿರಬಹುದು. ಯಾರೂ ನೆಡದೆ ತಾನಾಗಿ ಬೆಳೆದ ಕಾಡು ಅದು, ತೋಟ ಗದ್ದೆಗಳ ನಡುವೆ ತುಂಡು ತುಂಡಾಗಿ ಉಳಿದದ್ದು. ನಮ್ಮ ಹಾಡ್ಯದಲ್ಲಿ ಎರಡು ಗೋಣಿ ಮರ, ಒಂದು ಬಸರಿ, ನಾಲ್ಕೈದು ನಂದಿ, ಹಲಸು, ಹೆಸರೇ ಗೊತ್ತಿಲ್ಲದ ಬಳ್ಳಿಗಳು ಇವೆ. ಬುಡದಲ್ಲಿ ಒಂದು ಒರತೆ ಇದೆ. ನಮ್ಮ ಮಾವ ಅದರ ಬಾಯಿಗೆ ಮೂರು ಚಪ್ಪಡಿ ಕಲ್ಲು ಜೋಡಿಸಿ, ಮನೆವರೆಗೆ ಪೈಪ್ ಎಳೆದಿದ್ದರು. ಬೆಳಗ್ಗೆ ಎದ್ದು ಕಲ್ಲಿನ ಮೇಲಿನ ತರಗೆಲೆ ತೆಗೆಯುವುದು ಈಗ ನನ್ನ ಕೆಲಸ. ಕೈ ಹಾಕಿದರೆ ಏಪ್ರಿಲ್‌ನಲ್ಲೂ ನೀರು ಕೊರೆಯುತ್ತದೆ. ಸಣ್ಣ ಏಡಿಗಳು ಕಲ್ಲಿನ ಸಂದಿಗೆ ಸರಿದುಕೊಳ್ಳುತ್ತವೆ. ಮನೆಗೆ ಬೇಕಾದಷ್ಟು ಬಂದು ಉಳಿದ ನೀರು ಗದ್ದೆಗೆ, ಗದ್ದೆಯಿಂದ ಹಳ್ಳಕ್ಕೆ, ಹಳ್ಳದಿಂದ ಹೇಮಾವತಿಗೆ.

ಹೇಮಾವತಿ ಹುಟ್ಟುವುದು ನಮ್ಮ ತಾಲೂಕಿನ ಜಾವಳಿಯಲ್ಲಿ. ಸಕಲೇಶಪುರ ದಾಟಿ ಗೊರೂರು ಡ್ಯಾಮಿಗೆ ಹೋಗುತ್ತಾಳೆ. ಹಾಸನದವರು, ತುಮಕೂರಿನವರು ಅವಳ ನೀರು ಕುಡಿಯುತ್ತಾರೆ. ಮಿಕ್ಕದ್ದು ಕೆಆರ್‌ಎಸ್ ಹಿನ್ನೀರಿನಲ್ಲಿ ಕಾವೇರಿಗೆ ಸೇರುತ್ತದೆ. ಅಲ್ಲಿಂದ ಮುಂದೆ ತೊರೆಕಾಡನಹಳ್ಳಿಯ ಪಂಪುಗಳು ಅದನ್ನು ಸುಮಾರು 100 ಕಿಲೋಮೀಟರ್ ದೂರ, ಹತ್ತಿರ ಹತ್ತಿರ 500 ಮೀಟರ್ ಎತ್ತರಕ್ಕೆ ತಳ್ಳಿ ಬೆಂಗಳೂರು ಮುಟ್ಟಿಸುತ್ತವೆ.

ಬೆಂಗಳೂರಿನಲ್ಲಿ ನನ್ನ ಮೈದುನ ಇದ್ದಾನೆ. ಈ ಪತ್ರ ಬರೆಯುವುದಕ್ಕೆ ಅವನೂ ಒಂದು ಕಾರಣ.

2024ರ ಮಾರ್ಚ್‌ನಲ್ಲಿ ಅವನು ಫೋನ್ ಮಾಡಿದ್ದ. "ಅತ್ತಿಗೆ, ಎರಡು ದಿನದಿಂದ ನಲ್ಲೀಲಿ ನೀರಿಲ್ಲ. ಟ್ಯಾಂಕರ್‌ನೋರು ಕೇಳಿದಷ್ಟು ಕೊಡಬೇಕು. ಮಕ್ಕಳಿಗೆ ಅರ್ಧ ಬಕೆಟ್‌ನಲ್ಲಿ ಸ್ನಾನ" ಅಂದ. ಅವತ್ತು ಸಂಜೆ ನಾನು ಒರತೆ ಹತ್ತಿರ ಹೋಗಿ ನೋಡಿದೆ. ಆ ಬರದಲ್ಲೂ ಕಿರುಬೆರಳಿನ ದಪ್ಪ ನೀರು ಬರುತ್ತಿತ್ತು.

ಅದೇ ಮೈದುನ ಅದೇ ವರ್ಷ ದೀಪಾವಳಿಗೆ ಬಂದಾಗ ಹೇಳಿದ: "ಹಾಡ್ಯ ಸುಮ್ನೆ ಬಿದ್ದಿದೆ ಅತ್ತಿಗೆ. ತೆಗೆಸಿ ರೋಬಸ್ಟಾ ಕಾಫಿ ಹಾಕೋಣ. ಗದ್ದೆಗೆ ಅಡಿಕೆ ಇಡೋಣ."

ಅವನು ಕೆಟ್ಟವನಲ್ಲ. ರೋಬಸ್ಟಾಕ್ಕೆ ಎಂದೂ ಇಲ್ಲದ ರೇಟು ಬಂದಿದ್ದ ಹೊತ್ತು ಅದು. ಮಾವನ ಆಪರೇಷನ್ ಸಾಲ ತೀರಿರಲಿಲ್ಲ. ನನ್ನ ಮಗಳ ಕಾಲೇಜು ಫೀಸಿಗೆ ಅವನೇ ಅರ್ಧ ಹಾಕಿದ್ದ. ಜೆಸಿಬಿ ಕರೆಸಿದರೆ ಎರಡು ದಿನದಲ್ಲಿ ಹಾಡ್ಯ ಮಟ್ಟ. "ಈ ಕಾಡಿನಿಂದ ನಮಗೆ ಏನು ಸಿಗುತ್ತೆ ಹೇಳಿ" ಅಂತ ಕೇಳಿದ. ನೀರು ಅಂದೆ. "ನೀರು ಎಲ್ಲರಿಗೂ ಸಿಗುತ್ತೆ. ನಷ್ಟ ಮಾತ್ರ ನಮ್ಮೊಬ್ಬರಿಗೆ ಅಲ್ವಾ?" ಅಂದ. ಆ ಪ್ರಶ್ನೆಗೆ ನನ್ನ ಹತ್ತಿರ ಉತ್ತರ ಇರಲಿಲ್ಲ.

ಉತ್ತರ ಇರುವುದು ನಿಮ್ಮ ಹತ್ತಿರ.

2024ರ ನವೆಂಬರ್‌ನಲ್ಲಿ ನೀವು ಒಂದು ಒಳ್ಳೆಯ ಮಾತು ಆಡಿದಿರಿ. ಪಶ್ಚಿಮ ಘಟ್ಟದ ನದಿಗಳ ನೀರು ಕುಡಿಯುವ ಊರುಗಳ ನೀರಿನ ಬಿಲ್ಲಿಗೆ ಎರಡು ಮೂರು ರೂಪಾಯಿ ಹಸಿರು ಸೆಸ್ ಸೇರಿಸಿ, ಅದರಿಂದ ನಿಧಿ ಕಟ್ಟಿ ಘಟ್ಟ ಉಳಿಸೋಣ, ಪ್ರಸ್ತಾವ ತಯಾರಿಸಿ ಅಂತ ಅಧಿಕಾರಿಗಳಿಗೆ ಹೇಳಿದಿರಿ. ಪೇಪರಿನಲ್ಲಿ ಓದಿ ನನಗೆ ನಿಜಕ್ಕೂ ಖುಷಿಯಾಯಿತು. ಕೆಳಗೆ ಕುಡಿಯುವವರು ಮೇಲಿನವರಿಗೆ ಏನೋ ಕೊಡಬೇಕು ಅನ್ನುವ ಮಾತು ವಿಧಾನಸೌಧದಿಂದ ಬಂತಲ್ಲ ಅಂತ. ಆದರೆ ಆ ಹಣ ಎಲ್ಲಿಗೆ ಹೋಗಬೇಕು ಅನ್ನುವ ಕಡೆ ನನ್ನ ತಕರಾರು ಇದೆ. ಕಾಡಂಚಿನಲ್ಲಿ ಜಮೀನು ಮಾರಲು ಮುಂದೆ ಬರುವ ರೈತರಿಂದ ಜಮೀನು ಕೊಂಡುಕೊಳ್ಳಬಹುದು ಅಂತ ಅದರಲ್ಲಿತ್ತು.

ಹೋಗಲೇಬೇಕು ಅನ್ನುವವರಿಗೆ ದಾರಿ ಮಾಡಿಕೊಡಿ. ಭದ್ರಾ ಅಭಯಾರಣ್ಯದ ಒಳಗಿದ್ದ ಹಳ್ಳಿಗಳ ಜನ ಇಪ್ಪತ್ತು ವರ್ಷಕ್ಕೂ ಹಿಂದೆ ಹೊರಗೆ ಬಂದರು. ಕೆಲವರಿಗೆ ನಮ್ಮ ತಾಲೂಕಿನ ಕೆಳಗೂರಿನಲ್ಲೇ ಜಾಗ ಸಿಕ್ಕಿತು. ರಸ್ತೆ, ಶಾಲೆ, ಆಸ್ಪತ್ರೆ ಹತ್ತಿರವಾಯಿತು. ಅದು ಬೇಡ ಅನ್ನಲು ನಾನು ಯಾರು? ಆದರೆ ನಮ್ಮಂಥವರು ಸಾವಿರಾರು ಜನ ಇದ್ದೇವೆ. ನಾವು ಹೋಗುವವರಲ್ಲ. ಎಲ್ಲರ ಜಮೀನು ಕೊಳ್ಳುವಷ್ಟು ದುಡ್ಡು ಯಾವ ಸೆಸ್ಸಿನಿಂದಲೂ ಹುಟ್ಟುವುದಿಲ್ಲ. ಕೊಂಡ ಮೇಲೆ ಆ ಒರತೆಯ ಎಲೆ ತೆಗೆಯುವವರು ಯಾರು? ಕೊಳ್ಳುವ ಬದಲು ವರ್ಷಾ ವರ್ಷಾ ಕಾಯುವ ಕೂಲಿ ಕೊಡಿ. ಪರಿಸರ ಸೇವೆಗೆ ಪಾವತಿ ಅಂತ ತಿಳಿದವರು ಇದಕ್ಕೆ ದೊಡ್ಡ ಹೆಸರು ಇಟ್ಟಿದ್ದಾರೆ. ನನಗೆ ಕೂಲಿ ಅನ್ನುವ ಮಾತೇ ಸಾಕು. ಕೆಲಸ ಮಾಡಿದ್ದೇವೆ, ಕೂಲಿ ಕೇಳುತ್ತಿದ್ದೇವೆ.

ಈಗಿನ ಕಾನೂನು ನಮ್ಮನ್ನು ಮರದ ವಿರುದ್ಧ ಹೇಗೆ ಎತ್ತಿಕಟ್ಟಿದೆ ಅನ್ನುವುದಕ್ಕೆ ಒಂದು ಸಂಗತಿ ಹೇಳುತ್ತೇನೆ. ಮದುವೆಯಾಗಿ ಬಂದ ಹೊಸದರಲ್ಲಿ ಮಾವನ ಜೊತೆ ತೋಟದಲ್ಲಿ ಕಳೆ ತೆಗೆಯುತ್ತಿದ್ದೆ. ಕಾಫಿ ಗಿಡದ ಬುಡದಲ್ಲಿ ಗೇಣುದ್ದದ ಒಂದು ಸಸಿ ಇತ್ತು, ಗುಂಡನೆ ಎಲೆ, ಎಳೇ ಹಸಿರು. ಚೆನ್ನಾಗಿದೆ ಅಂತ ಬಿಟ್ಟೆ. ಮಾವ ಬಗ್ಗಿ ನೋಡಿದರು. "ಬೀಟೆ. ಕಿತ್ತು ಹಾಕಮ್ಮ" ಅಂದರು. ಯಾಕೆ ಅಂದೆ. "ದೊಡ್ಡದಾದ್ರೆ ಅದು ನಮ್ಮದಲ್ಲ. ತಾಪತ್ರಯ ಮಾತ್ರ ನಮ್ದು." ಮರ ಅಂದರೆ ಜೀವ ಬಿಡುತ್ತಿದ್ದ ಮನುಷ್ಯ ಅವರು. ಗೋಣಿ ಮರಕ್ಕೆ ಕತ್ತಿ ತಾಗಿಸಲು ಬಿಡುತ್ತಿರಲಿಲ್ಲ. ಆ ಸಸಿಯನ್ನು ಅವರೇ ಕಿತ್ತರು. ಕೈ ಒರೆಸಿಕೊಂಡು ಮುಂದಿನ ಸಾಲಿಗೆ ಹೋದರು.

ಕಡಿಯಲು ಅನುಮತಿ, ಸಾಗಿಸಲು ಪರ್ಮಿಟ್, ಎಷ್ಟೋ ಜಮೀನಿನಲ್ಲಿ ಮರವೇ ಸರ್ಕಾರದ್ದು. ಸಿಲ್ವರ್ ಓಕ್ ಮರಕ್ಕೆ ಕಡಿಯುವ ಅನುಮತಿಯ ರಗಳೆ ಇಲ್ಲ. ನೆಟ್ಟ, ಮೆಣಸಿನ ಬಳ್ಳಿ ಹಬ್ಬಿಸಿದ, ಕಷ್ಟ ಬಂದಾಗ ಕಡಿದು ಮಾರಿದ. ಹಾಗಾಗಿ ಕೊಡಗಿನಿಂದ ಚಿಕ್ಕಮಗಳೂರಿನವರೆಗೆ ತೋಟಗಳಲ್ಲಿ ಅತ್ತಿ, ಬಸರಿ, ನಂದಿ ಹೋಗಿ ಸಿಲ್ವರ್ ನಿಂತಿದೆ. ಸಿಲ್ವರ್ ಆಸ್ಟ್ರೇಲಿಯಾದ ಮರ. ನಮ್ಮ ಮಂಗಟ್ಟೆ ಹಕ್ಕಿಗೆ ಅದರಲ್ಲಿ ತಿನ್ನಲು ಒಂದು ಹಣ್ಣೂ ಇಲ್ಲ.

ಸರ್ಕಾರ ಮರಕ್ಕೆ ದುಡ್ಡು ಕೊಡುವುದೇ ಇಲ್ಲ ಅಂತಲ್ಲ. ಕೃಷಿ ಅರಣ್ಯ ಪ್ರೋತ್ಸಾಹ ಯೋಜನೆ 2011-12ರಿಂದ ಇದೆ. ನಿಮ್ಮ ಇಲಾಖೆಯ ನರ್ಸರಿಯಿಂದ ಸಸಿ ತಂದು ನೆಟ್ಟರೆ, ಬದುಕಿದ ಸಸಿಗೆ ಮೂರು ವರ್ಷ ಪ್ರೋತ್ಸಾಹಧನ ಸಿಗುತ್ತದೆ. ಒಳ್ಳೆಯ ಯೋಜನೆ. ಆದರೆ ನಿನ್ನೆ ನೆಟ್ಟ ಸಸಿಗೆ ಇರುವ ಬೆಲೆ, ನೂರು ವರ್ಷದಿಂದ ನಿಂತ ಗೋಣಿ ಮರಕ್ಕೆ ಇಲ್ಲ. ನಮ್ಮ ಹಾಡ್ಯ ಬೋಳಿಸಿ ಹೊಸ ಸಸಿ ನೆಟ್ಟರೆ ನನಗೆ ಒಂದಿಷ್ಟು ಹಣ ಬಂದೀತು. ಹಾಗೇ ಬಿಟ್ಟರೆ ಬಿಡಿಗಾಸೂ ಇಲ್ಲ.

ಇನ್ನೊಂದು ವಿಷಯ. ಕೇಂದ್ರದ ತೆರಿಗೆ ಹಣವನ್ನು ರಾಜ್ಯಗಳಿಗೆ ಹಂಚುವಾಗ 14ನೇ ಹಣಕಾಸು ಆಯೋಗ ಅರಣ್ಯಕ್ಕೆ 7.5 ಶೇಕಡಾ ತೂಕ ಕೊಟ್ಟಿತು. 15ನೇ ಆಯೋಗ ಅದನ್ನು 10 ಶೇಕಡಾಕ್ಕೆ ಏರಿಸಿತು. ಕಾಡು ಉಳಿಸಿಕೊಂಡ ರಾಜ್ಯಕ್ಕೆ ಬೇರೆ ಆದಾಯ ಕೈತಪ್ಪುತ್ತದೆ, ಅದಕ್ಕೆ ಹಣ ಕೊಡಬೇಕು ಅನ್ನುವುದು ಅದರ ಹಿಂದಿನ ಲೆಕ್ಕ. ದೇಶದ ಅರಣ್ಯ ಸಮೀಕ್ಷೆ ಕಾಡನ್ನು ಅಳೆಯುವುದು ಉಪಗ್ರಹದಿಂದ. ಒಂದು ಹೆಕ್ಟೇರ್‌ಗಿಂತ ಕಡಿಮೆ ಇಲ್ಲದ ಜಾಗದಲ್ಲಿ ಮರದ ನೆರಳು ಇದ್ದರೆ ಸಾಕು, ಒಡೆತನ ಯಾರದು ಅಂತ ಅದು ಕೇಳುವುದಿಲ್ಲ. ಅಂದರೆ ನಮ್ಮ ತೋಟದ ನೆರಳು, ನಮ್ಮ ಹಾಡ್ಯ ಎಲ್ಲವೂ ರಾಜ್ಯದ ಹಸಿರು ಲೆಕ್ಕಕ್ಕೆ ಸೇರುತ್ತದೆ. ಮರ ಉಳಿಸಿದ್ದಕ್ಕೆ ದಿಲ್ಲಿಯಿಂದ ಬೆಂಗಳೂರಿಗೆ ಹಣ ಬರುವುದು ನ್ಯಾಯವಾದರೆ, ಬೆಂಗಳೂರಿನಿಂದ ಮೂಡಿಗೆರೆಗೆ ಬರುವುದೂ ನ್ಯಾಯ.

ಇದು ಎಲ್ಲೂ ಇಲ್ಲದ ಹೊಸ ಮಾತೂ ಅಲ್ಲ. ಪಕ್ಕದ ಕೇರಳ 2020ರಲ್ಲಿ ಗದ್ದೆ ಉಳಿಸಿಕೊಂಡವರಿಗೆ ಹೆಕ್ಟೇರಿಗೆ ವರ್ಷಕ್ಕೆ 2,000 ರೂಪಾಯಿ ರಾಯಲ್ಟಿ ಕೊಡಲು ಶುರು ಮಾಡಿತು. ಮಳೆ ನೀರು ನಿಂತು ಇಂಗುವ ಜಾಗವನ್ನು ಮುಚ್ಚದೆ ಗದ್ದೆಯಾಗಿಯೇ ಇಟ್ಟದ್ದಕ್ಕೆ ಅದು. ಆ ಮೊತ್ತ ಚಿಕ್ಕದು, ಎಕರೆಗೆ ಸುಮಾರು 800 ಆಯಿತು ಅಷ್ಟೆ. ಆದರೂ ಸರ್ಕಾರವೊಂದು ಒಪ್ಪಿಕೊಂಡಿತಲ್ಲ. ಹಿಮಾಚಲದ ಪಾಲಂಪುರ ಅನ್ನುವ ಸಣ್ಣ ಪಟ್ಟಣಕ್ಕೆ ಬೋಹಲ್ ಅನ್ನುವ ಊರಿನ ಒರತೆಯಿಂದ ನೀರು ಬರುತ್ತದೆ. 2010ರಲ್ಲಿ ಪಟ್ಟಣದ ಪುರಸಭೆ ಮೇಲಿನ ಹಳ್ಳಿಯವರ ಜೊತೆ ಕರಾರು ಮಾಡಿಕೊಂಡಿತು. ನೀವು ಕಾಡು ಕಾಯಿರಿ, ನಾವು ವರ್ಷಕ್ಕೆ 10,000 ಕೊಡುತ್ತೇವೆ ಅಂತ. ನಮ್ಮ ಒರತೆಯಂಥದ್ದೇ ಒರತೆ ಅದು.

ದೊಡ್ಡದಾಗಿ ಮಾಡಿದವರು ಕೋಸ್ಟರಿಕಾದವರು. 1996ರಲ್ಲಿ ಕಾನೂನು, 1997ರಿಂದ ಪಾವತಿ. ಪೆಟ್ರೋಲ್ ಡೀಸೆಲ್ ತೆರಿಗೆಯ ಒಂದು ಪಾಲು ಕಾಡು ಉಳಿಸಿದ ಜಮೀನುದಾರರಿಗೆ ಹೋಗುತ್ತದೆ. 1980ರ ದಶಕದಲ್ಲಿ ಸುಮಾರು ಕಾಲು ಭಾಗಕ್ಕೆ ಇಳಿದಿದ್ದ ಕಾಡು ಈಗ ದೇಶದ ಅರ್ಧಕ್ಕಿಂತ ಜಾಸ್ತಿ ಇದೆ. ಕಾಡು ಕಡಿಯುವುದಕ್ಕೆ ನಿಷೇಧವೂ ಜೊತೆಗಿತ್ತು, ಎಲ್ಲವನ್ನೂ ಪಾವತಿಯ ಖಾತೆಗೆ ಹಾಕಬಾರದು. ಉಗಾಂಡಾದಲ್ಲಿ 121 ಹಳ್ಳಿಗಳಲ್ಲಿ ಪರೀಕ್ಷೆ ಮಾಡಿ ನೋಡಿದರು. ಎರಡು ವರ್ಷದಲ್ಲಿ ಹಣ ಕೊಡದ ಹಳ್ಳಿಗಳಲ್ಲಿ 9.1 ಶೇಕಡಾ ಮರದ ಹೊದಿಕೆ ಹೋಯಿತು, ಕೊಟ್ಟ ಹಳ್ಳಿಗಳಲ್ಲಿ 4.2.

ಮರ ಉಳಿಯುತ್ತದೆ, ಸರಿ. ಬಡತನ ಕಳೆಯುತ್ತದೆಯೇ? ತಾನಾಗಿ ಕಳೆಯುವುದಿಲ್ಲ. ಕೋಸ್ಟರಿಕಾದಲ್ಲೂ ಮೊದಮೊದಲು ಹಣ ಹೆಚ್ಚಾಗಿ ಹೋದದ್ದು ದೊಡ್ಡ ಜಮೀನಿನವರಿಗೆ, ದಾಖಲೆ ಸರಿ ಇದ್ದವರಿಗೆ. ಎಷ್ಟು ಕೊಡುತ್ತೀರಿ, ಯಾವಾಗ ಕೊಡುತ್ತೀರಿ, ಯಾರಿಗೆ ಕೊಡುತ್ತೀರಿ, ಎಲ್ಲ ಅದರ ಮೇಲೆ ನಿಂತಿದೆ.

ಯಾವಾಗ ಅನ್ನುವುದನ್ನು ಮೊದಲು ಹೇಳುತ್ತೇನೆ, ಯಾಕೆಂದರೆ ಅದನ್ನು ಯಾರೂ ಕೇಳುವುದಿಲ್ಲ. ಕಾಫಿ ಕೊಯ್ಲು ಮುಗಿದು ದುಡ್ಡು ಕೈಗೆ ಬರುವುದು ಫೆಬ್ರವರಿ, ಮಾರ್ಚ್. ಜೂನ್ ಹೊತ್ತಿಗೆ ಅದು ಸಾಲಕ್ಕೆ, ಗೊಬ್ಬರಕ್ಕೆ ಕರಗಿರುತ್ತದೆ. ಆಗ ಶಾಲೆ ಶುರು, ಮಳೆ ಶುರು, ಜ್ವರ ಶುರು. ಮಳೆಗಾಲದ ಮೂರು ತಿಂಗಳು ನಮ್ಮ ಕಡೆ ಪೈಸೆ ಹುಟ್ಟುವುದಿಲ್ಲ. ಆಗ ಏನು ಮಾಡುತ್ತೇವೆ? ವ್ಯಾಪಾರಿ ಹತ್ತಿರ ಹೋಗಿ, ಗಿಡದಲ್ಲಿ ಇನ್ನೂ ಕಾಯಾಗಿರುವ ಕಾಫಿ ಮೇಲೆ ಅಡ್ವಾನ್ಸ್ ತರುತ್ತೇವೆ. ಕೊಯ್ಲಿನ ಹೊತ್ತಿಗೆ ಅವನು ಹೇಳಿದ ರೇಟು. ಎರಡು ವರ್ಷ ನಾನು ಹಾಗೆ ಕೊಟ್ಟಿದ್ದೇನೆ. ಪಕ್ಕದ ದೊಡ್ಡ ತೋಟದವರು ರೇಟು ಏರುವವರೆಗೆ ಚೀಲ ಕಟ್ಟಿಟ್ಟುಕೊಂಡು ಕಾದರು. ನನ್ನ ಕಾಫಿ ಜನವರಿಯಲ್ಲೇ ಹೋಗಿತ್ತು. ಅವರ ಕಾಫಿಯೂ ನನ್ನ ಕಾಫಿಯೂ ಒಂದೇ ರುಚಿ. ಬಡವರಿಗೆ ಕಾಯಲು ಆಗುವುದಿಲ್ಲ, ಅಷ್ಟೇ ವ್ಯತ್ಯಾಸ. ದೇಶದ ಕಾಫಿ ಬೆಳೆಗಾರರಲ್ಲಿ ನೂರಕ್ಕೆ 98ಕ್ಕಿಂತ ಹೆಚ್ಚು ಜನ 25 ಎಕರೆ ಒಳಗಿನವರು. ಅದರಲ್ಲಿ ನಮ್ಮಂಥ ಎರಡು ಮೂರು ಎಕರೆಯವರು ಎಷ್ಟೋ.

ಹಾಡ್ಯಕ್ಕೂ ಗದ್ದೆಗೂ ಸೇರಿ ಜೂನ್ ಮೊದಲ ವಾರ ನನ್ನ ಖಾತೆಗೆ ಒಂದು 12,000 ರೂಪಾಯಿ ಬಿದ್ದರೆ ನಾನು ಆ ಅಡ್ವಾನ್ಸ್ ತರಬೇಕಿಲ್ಲ. ಎಕರೆಗೆ 6,000ದ ಲೆಕ್ಕ ಇದು. ರೋಬಸ್ಟಾ ಕೊಡುವಷ್ಟು ನೀವು ಕೊಡಬೇಕು ಅಂತ ನಾನು ಕೇಳುತ್ತಿಲ್ಲ. ರೋಬಸ್ಟಾಕ್ಕೆ ಜೆಸಿಬಿ ಖರ್ಚು, ಗಿಡದ ಖರ್ಚು, ಮೂರು ನಾಲ್ಕು ವರ್ಷ ಫಸಲಿಲ್ಲದೆ ಗೊಬ್ಬರ ಹಾಕುವ ಖರ್ಚು ಇದೆ. ಅಷ್ಟು ಹೊತ್ತಿಗೆ ರೇಟು ಏನಾಗಿರುತ್ತದೋ. ಕಡಿಮೆ ಆದರೂ ಖಾತ್ರಿಯ ದುಡ್ಡು, ಬೇಕಾದ ತಿಂಗಳಲ್ಲಿ ಬಂದರೆ, ಮೈದುನನಿಗೆ ನಾನು ಉತ್ತರ ಹೇಳಬಲ್ಲೆ.

ದುಡ್ಡು ಎಲ್ಲಿಂದ? ನಿಮ್ಮ ಸೆಸ್ಸನ್ನೇ ಲೆಕ್ಕ ಹಾಕಿ ನೋಡಿದೆ. ಬೆಂಗಳೂರಿನಲ್ಲಿ ನಲ್ಲಿ ಸಂಪರ್ಕ 10 ಲಕ್ಷದ ಮೇಲಿದೆ. ತಿಂಗಳ ಬಿಲ್ಲಿಗೆ 2 ರೂಪಾಯಿ ಅಂದರೆ ವರ್ಷಕ್ಕೆ 2 ಕೋಟಿ 40 ಲಕ್ಷ. ಎಕರೆಗೆ 6,000ದಂತೆ 4,000 ಎಕರೆಗೆ ಮುಗಿಯಿತು. ಸಾಲದು. ಬಿಲ್ಲಿನ ಮೇಲೆ ಹಾಕುವ ಬದಲು ನೀರಿನ ಮೇಲೆ ಹಾಕಿ. 2024ರ ಅಕ್ಟೋಬರ್‌ನಲ್ಲಿ ಉದ್ಘಾಟನೆಯಾದ ಕಾವೇರಿ ಐದನೇ ಹಂತ ಪೂರ್ತಿ ಹರಿದರೆ, ಹಳೆಯದೂ ಸೇರಿ ನಗರಕ್ಕೆ ದಿನಕ್ಕೆ 220 ಕೋಟಿ ಲೀಟರ್ ಹೋಗುತ್ತದೆ. ಸಾವಿರ ಲೀಟರಿಗೆ ಒಂದೇ ಒಂದು ರೂಪಾಯಿ. ಸೋರಿಕೆ, ಲೆಕ್ಕಕ್ಕೆ ಬಾರದ್ದು ಅಂತ ಅರ್ಧ ಬಿಟ್ಟರೂ ವರ್ಷಕ್ಕೆ 40 ಕೋಟಿ. ಅರವತ್ತು ಸಾವಿರ ಎಕರೆ ಮೀರುತ್ತದೆ. ತಿಂಗಳಿಗೆ 15,000 ಲೀಟರ್ ಬಳಸುವ ಮನೆಗೆ 15 ರೂಪಾಯಿ ಬೀಳುತ್ತದೆ. ಮೈದುನನನ್ನು ಕೇಳಿದೆ. "ಟ್ಯಾಂಕರ್‌ಗೆ ಕೊಟ್ಟಿದ್ದು ನೋಡಿದ್ರೆ ಇದೇನು ಅತ್ತಿಗೆ, ಕೊಡ್ತೀನಿ" ಅಂದ.

ಯಾರಿಗೆ ಅನ್ನುವುದು ಕಷ್ಟದ ಪ್ರಶ್ನೆ. ನಮ್ಮ ಪಹಣಿ ಇವತ್ತಿಗೂ ಮಾವನ ಹೆಸರಿನಲ್ಲಿದೆ. ಅವರು ತೀರಿಕೊಂಡು ಮೂರು ವರ್ಷ ಆಯಿತು. ಪೌತಿ ಖಾತೆಗೆ ಅರ್ಜಿ ಹಾಕಿ ಒಂದು ಕಚೇರಿಗೆ ಎಷ್ಟು ಸಲ ಹೋಗಿದ್ದೇನೋ ಲೆಕ್ಕ ಇಟ್ಟಿಲ್ಲ. ಒಂದು ಸಲ ವಂಶವೃಕ್ಷ ಸರಿ ಇಲ್ಲ, ಇನ್ನೊಂದು ಸಲ ನಾದಿನಿಯ ಸಹಿ ಬೇಕು, ಮತ್ತೊಂದು ಸಲ ಸಾಹೇಬರು ಮೀಟಿಂಗ್‌ನಲ್ಲಿ. ಒಂದು ದಿನದ ಕೂಲಿ, ಬಸ್ ಚಾರ್ಜು ಪ್ರತಿ ಸಲವೂ ಹೋಯಿತು. ಮಲೆನಾಡಿನಲ್ಲಿ ಸಣ್ಣವರ ಜಮೀನು ಹೆಚ್ಚಾಗಿ ಹೀಗೇ ಇದೆ, ಅಜ್ಜನ ಹೆಸರಿನಲ್ಲಿ, ಅಪ್ಪನ ಹೆಸರಿನಲ್ಲಿ. ಪಹಣಿಯಲ್ಲಿ ಹೆಸರಿದ್ದವರಿಗೆ ಮಾತ್ರ ಅಂದರೆ, ನೀವು ಕೊಡಬೇಕಾದವರಿಗೇ ದುಡ್ಡು ಮುಟ್ಟುವುದಿಲ್ಲ. ಮನೆಯವರೆಲ್ಲ ಒಪ್ಪಿ ಸಹಿ ಹಾಕಿದ ಕರಾರನ್ನು ಗ್ರಾಮಸಭೆ ಸರಿ ಅಂದರೆ ಸಾಕು ಅನ್ನುವ ದಾರಿ ಮಾಡಿ. ಐದು ಎಕರೆಗೆ ಮಿತಿ ಹಾಕಿ, ಮೊದಲು ಸಣ್ಣವರಿಗೆ ಕೊಡಿ.

ಇನ್ನು ಲೈನ್ ಮನೆಯವರು, ಅಂದರೆ ತೋಟದ ಕೂಲಿಕಾರರು. ಇದನ್ನು ಹೇಳದೆ ಈ ಪತ್ರ ಮುಗಿಸಲು ನನಗೆ ಮನಸ್ಸು ಒಪ್ಪುವುದಿಲ್ಲ. ತೋಟಗಳಲ್ಲಿ ಮೂರು ತಲೆಮಾರಿನಿಂದ ದುಡಿದವರಿಗೆ ಒಂದು ಸೆಂಟ್ ಜಾಗ ಇಲ್ಲ. ಕಾಡು ಕಾಯುವ ಕೂಲಿ ಜಮೀನಿದ್ದವರಿಗೆ ಮಾತ್ರ ಅಂದರೆ ಅವರ ಪಾಲಿಗೆ ಏನೂ ಇಲ್ಲ. ನಮ್ಮ ತೋಟದಲ್ಲಿ ಮರಗಸಿಗೆ ಬರುವ ಒಬ್ಬರಿದ್ದಾರೆ. ಐವತ್ತು ಅಡಿ ಮೇಲೆ ಹೋಗಿ ಯಾವ ಕೊಂಬೆ ಕಡಿಯಬೇಕು, ಯಾವುದು ಬಿಡಬೇಕು ಅಂತ ನೋಡುವ ಕಣ್ಣು ಅವರದು. ಗೋಣಿ ಮರ ಏರುವ ಮೊದಲು ಬುಡ ಮುಟ್ಟಿ ನಮಸ್ಕಾರ ಮಾಡುತ್ತಾರೆ. ನಮ್ಮ ಹಾಡ್ಯದ ಮರಗಳು ಇವತ್ತು ನಿಂತಿರುವುದರಲ್ಲಿ ಅವರ ಪಾಲೂ ಇದೆ. ನಿಧಿಯ ಒಂದು ಭಾಗ ಪಂಚಾಯಿತಿ ಮೂಲಕ ಇಂಥವರ ಕೈಗೆ ಕೆಲಸವಾಗಿ ಹೋಗಲಿ. ಕಾಡುಮರದ ನರ್ಸರಿ, ಬೇಸಿಗೆಯಲ್ಲಿ ಬೆಂಕಿ ಕಾವಲು, ಒರತೆಗಳ ಲೆಕ್ಕ ಇಡುವುದು. ಕೆಲಸಕ್ಕೆ ಬರವಿಲ್ಲ.

ನೀವು ಕೇಳಬಹುದು, ಇಷ್ಟೆಲ್ಲ ಯಾಕೆ, ಕಾನೂನು ತಂದು ಕಡಿಯಬೇಡಿ ಅಂದರೆ ಆಗುವುದಿಲ್ಲವೇ ಅಂತ. ಅದು ಏನಾಯಿತು ಅಂತ ನಾವೆಲ್ಲ ನೋಡಿದ್ದೇವೆ. 2011ರಲ್ಲಿ ಪಶ್ಚಿಮ ಘಟ್ಟ ಉಳಿಸುವ ಬಗ್ಗೆ ಬಂದ ಗಾಡ್ಗೀಳ್ ಸಮಿತಿಯ ವರದಿಯಲ್ಲಿ, ಕಾಡು ಕಾಯುವ ಜನರಿಗೆ ಸೇವೆಯ ಶುಲ್ಕದ ಹಾಗೆ ಹಣ ಕೊಡಬೇಕು ಅನ್ನುವ ಮಾತೂ ಇತ್ತು. ಊರಿಗೆ ಮುಟ್ಟಿದ್ದು ಮಾತ್ರ ಅದು ಬೇಡ, ಇದು ಬೇಡ ಅನ್ನುವ ಪಟ್ಟಿ. ಆಮೇಲೆ ಅದೇ ವಿಷಯಕ್ಕೆ ಕಸ್ತೂರಿರಂಗನ್ ವರದಿ, ಕೇಂದ್ರದ ಕರಡಿನ ಮೇಲೆ ಕರಡು. 2024ರ ಜುಲೈನ ಆರನೇ ಕರಡಿನಲ್ಲಿ ನಮ್ಮ ರಾಜ್ಯದ 20,668 ಚದರ ಕಿಲೋಮೀಟರ್ ಪರಿಸರ ಸೂಕ್ಷ್ಮ ಪ್ರದೇಶ ಅಂತ ಇತ್ತು. ಸೆಪ್ಟೆಂಬರ್‌ನಲ್ಲಿ ನಿಮ್ಮ ಸಂಪುಟವೇ ಅದನ್ನು ಬೇಡ ಅಂದಿತು. ನಮ್ಮೂರಿನ ಸಭೆಗಳಲ್ಲಿ ನಾನೂ ಕೂತಿದ್ದೆ. ಜನರಿಗೆ ಕಾಡು ಬೇಡ ಅಂತ ಇರಲಿಲ್ಲ. 2019ರ ಆಗಸ್ಟ್‌ನಲ್ಲಿ ನಮ್ಮ ತಾಲೂಕಿನ ಮಲೆಮನೆ, ಮಧುಗುಂಡಿ ಕಡೆ ಗುಡ್ಡ ಜರಿದು ಮನೆ ಗದ್ದೆಗಳು ಹೋದದ್ದನ್ನು ಕಣ್ಣಾರೆ ಕಂಡವರು ಇವರು. ಗುಡ್ಡದ ಮೇಲೆ ಮರ ಇರಬೇಕು ಅಂತ ಇವರಿಗೆ ಹೇಳಿಕೊಡಬೇಕಿಲ್ಲ. ನಮ್ಮ ಜಮೀನನ್ನು ನಮ್ಮ ಕೈಯಿಂದ ಕಿತ್ತುಕೊಳ್ಳುತ್ತಾರೆ ಅನ್ನುವ ಹೆದರಿಕೆ ಅದು. ಕೈಗೆ ಏನಾದರೂ ಇಟ್ಟು ಮಾತಾಡಿದ್ದರೆ ಆ ಸಭೆಗಳು ಬೇರೆ ಥರ ನಡೆಯುತ್ತಿದ್ದವು.

ಇಡೀ ಘಟ್ಟಕ್ಕೆ ಒಂದೇ ಸಲ ಬೇಡ. ಗೊರೂರು ಡ್ಯಾಮಿನ ಮೇಲಿನ ಹೇಮಾವತಿ ಸೀಮೆಯಲ್ಲಿ ಕೆಲವು ಪಂಚಾಯಿತಿ ಆರಿಸಿಕೊಳ್ಳಿ. ಹತ್ತು ವರ್ಷದ ಕರಾರು ಮಾಡಿ. ಹಾಡ್ಯ, ಕಾಡುಮರದ ನೆರಳು, ನೀರು ನಿಲ್ಲುವ ಗದ್ದೆ, ಈ ಮೂರಕ್ಕೆ ಎಕರೆವಾರು ಕೊಡಿ. ಉಪಗ್ರಹದ ಚಿತ್ರ ನಿಮ್ಮ ಹತ್ತಿರವೇ ಇದೆ, ಉಳಿದದ್ದನ್ನು ಗ್ರಾಮಸಭೆಯಲ್ಲಿ ಎಲ್ಲರ ಎದುರು ಓದಿ. ಕಡಿದವರ ಹಣ ನಿಲ್ಲಿಸಿ. ಮತ್ತೆ, ನಾವು ಬೆಳೆಸಿದ ಕಾಡುಮರ ನಮ್ಮದು ಅಂತ ಬರೆದುಕೊಡಿ.

ನಮ್ಮ ಹಾಡ್ಯಕ್ಕೆ ಮೈದುನ ಒಂದು ಗಡುವು ಕೊಟ್ಟಿದ್ದಾನೆ. ಮುಂದಿನ ದೀಪಾವಳಿವರೆಗೆ ನೋಡೋಣ ಅತ್ತಿಗೆ, ಆಮೇಲೆ ತೆಗೆಸೋಣ ಅಂದಿದ್ದಾನೆ. ಸಿಲ್ವರ್ ವ್ಯಾಪಾರಿ ಎರಡು ಸಲ ಬಂದು ಮರ ಅಳೆದು ಹೋಗಿದ್ದಾನೆ, ಸುಣ್ಣದ ಗುರುತು ಹಾಗೇ ಇದೆ. ಹೋದ ವಾರ ತೋಟದ ಕೆಳಗಿನ ಸಾಲಿನಲ್ಲಿ ಒಂದು ಬೀಟೆ ಸಸಿ ಕಂಡಿತು. ನಾಲ್ಕು ಎಲೆ. ಕಿತ್ತಿಲ್ಲ. ದನ ತಿನ್ನದ ಹಾಗೆ ಸುತ್ತ ಮುಳ್ಳು ಇಟ್ಟು ಬಂದಿದ್ದೇನೆ.

ಇಂತಿ,
ಮೂಡಿಗೆರೆ ತಾಲೂಕಿನ ಒಬ್ಬ ಸಣ್ಣ ಬೆಳೆಗಾರ್ತಿ